ಬರ್ನಾರ್ಡ್ ಥರ್ಕೆಟಲ್ ಹೂತಿಟ್ಟ ಚಿನ್ನ

ಬರ್ನಾರ್ಡ್ ಥರ್ಕೆಟಲ್‌ಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಮೂವತ್ತು ವರ್ಷ ನಾರ್ಫೋಕಿನ ಹಳ್ಳಿಗಳಿಗೆ ಬಸ್ಸು ಓಡಿಸಿದ ಆಸಾಮಿ. ಬಸ್ಸು ತಡವಾದರೆ ‘ನಾನೇ ಮಲಗಿಬಿಟ್ಟೆ’ ಎಂದು ಎಲ್ಲರೆದುರು ಒಪ್ಪಿಕೊಳ್ಳುತ್ತಿದ್ದ. ಅಂಥವನು ಎಪ್ಪತ್ತು ದಾಟಿದ ಮೇಲೆ ಒಂದೇ ಒಂದು ಮೋಸ ಮಾಡಿದ, ಅದೂ ಜೀವದ ಗೆಳೆಯನಿಗೆ. ಬುದ್ಧಿಯನ್ನು ಎಲ್ಲಿ ಅಡವಿಟ್ಟಿದ್ದನೋ ಏನೋ.

ಆ ಗೆಳೆಯ ನೆವಿಲ್ ಅಟಿಂಗ್. ಹತ್ತೊಂಬತ್ತು ವರ್ಷದಿಂದ ಭಾನುವಾರ ಬಂತೆಂದರೆ ಇಬ್ಬರೂ ಮೆಟಲ್ ಡಿಟೆಕ್ಟರ್ ಹಿಡಿದು ಮಿಸೆಸ್ ಗೆಜ್ ಅವರ ಹೊಲಕ್ಕಿಳಿದು ಹಳೆಯ ನಾಣ್ಯ ಹುಡುಕುವವರು. ಏನು ಸಿಕ್ಕಿದರೂ ಅಲ್ಲೇ ಇನ್ನೊಬ್ಬನಿಗೆ ತೋರಿಸಬೇಕು, ತೋಡಿದ್ದನ್ನು ಮುಚ್ಚಬೇಕು, ಒಳ್ಳೆಯ ನಾಣ್ಯವಾದರೆ ಮ್ಯೂಸಿಯಮ್ಮಿಗೆ ಒಯ್ದು ಯಾರಿಗೆ, ಎಲ್ಲಿ ಸಿಕ್ಕಿತೆಂದು ಬರೆಸಬೇಕು. ಇದು ಅವರವರಲ್ಲೇ ಮಾಡಿಕೊಂಡ ಕಟ್ಟುಪಾಡು. ನೆವಿಲ್‌ಗೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಕೋಟಿನ ಗುಂಡಿ, ಬೆಲ್ಟಿನ ಬಕಲು, ಟ್ರ್ಯಾಕ್ಟರಿನ ನಟ್ಟು, ನಾಲ್ಕೈದು ಸವೆದ ಬೆಳ್ಳಿ ಕಾಸು. ಚಿನ್ನದ ಮುಖವನ್ನೇ ಕಂಡಿರಲಿಲ್ಲ. ಈಗ ಕಿವಿಯೂ ಕೈಕೊಟ್ಟಿತ್ತು. ಅವನದು ಹಳೆಯ ಯಂತ್ರ, ಪರದೆ ಗಿರದೆ ಇಲ್ಲ. ನಾಣ್ಯದ ಮೇಲೆ ಹೋದಾಗ ಹೆಡ್‌ಫೋನಿನಲ್ಲಿ ಸಣ್ಣಗೆ ಕೂಗುತ್ತದೆ, ಅಷ್ಟೇ. ಆ ಕೂಗೇ ಕೇಳಿಸದವನಿಗೆ ಹೊಲದಲ್ಲೇನು ಕೆಲಸ?

“ಈ ಸಲದ ಚಳಿಗಾಲ ಮುಗಿದ್ರೆ ಮೆಷಿನ್ ಮಾರ್ಬಿಡ್ತೀನಿ ಕಣೋ,” ಎಂದ ನೆವಿಲ್. “ಸುಮ್ನೆ ಹೊಲದಲ್ಲಿ ಕಸ ಗುಡಿಸ್ದಂಗೆ ಆಗ್ತಿದೆ.”

“ಗುಡಿಸು ಮಾರಾಯ. ಮನೇಲಂತೂ ಗುಡಿಸಲ್ಲ ನೀನು,” ಎಂದು ಬರ್ನಾರ್ಡ್ ಕಿಚಾಯಿಸಿದ. ಆದರೆ ನೆವಿಲ್ ಬರದ ಭಾನುವಾರವನ್ನು ನೆನೆಸಿಕೊಳ್ಳಲೂ ಅವನಿಂದಾಗಲಿಲ್ಲ.

ಬರ್ನಾರ್ಡ್ ಹತ್ತಿರ ಒಂದು ಚಿನ್ನದ ನಾಣ್ಯವಿತ್ತು. ನೆವಿಲ್‌ನ ಪರಿಚಯವಾಗುವ ಮುಂಚೆಯೇ ದೂರದ ಹೊಲವೊಂದರಲ್ಲಿ ಸಿಕ್ಕಿದ್ದು. ತೋರಿಸಿದರೆ ಪಾಪ, ಹೊಟ್ಟೆ ಉರಿಸಿದಂತಾದೀತು ಎಂದು ಅವನಿಗೆ ಒಮ್ಮೆಯೂ ತೋರಿಸಿರಲಿಲ್ಲ. ಶನಿವಾರ ಮಿಸೆಸ್ ಗೆಜ್ ಸಂತೆಗೆ ಹೋದದ್ದು ನೋಡಿಕೊಂಡು, ಅದನ್ನು ಬಾರ್ಲಿ ಕೂಳೆಯ ನಡುವೆ ಗೇಣುದ್ದ ಆಳಕ್ಕೆ ಹೂತು ಬಂದ.

ಭಾನುವಾರ ನೆವಿಲ್ ಅದರ ಮೇಲೆ ಯಂತ್ರ ಆಡಿಸಿಕೊಂಡು ಹೋದ. ಕೇಳಿಸಲಿಲ್ಲ. ತಿರುಗಿ ಬಂದ, ಆಗಲೂ ಇಲ್ಲ. ಬರ್ನಾರ್ಡ್ ತನ್ನ ಯಂತ್ರವನ್ನು ಸುಮ್ಮನೆ ಆಡಿಸುತ್ತ ಅವನನ್ನೇ ನೋಡುತ್ತ ನಿಂತಿದ್ದ. “ಆ ಪಕ್ಕ ಇನ್ನೊಂದ್ಸಲ ನೋಡೋ,” ಎಂದು ಮತ್ತೆ ಮತ್ತೆ ಕೂಗಿದ. ಕಡೆಗೊಮ್ಮೆ ನೆವಿಲ್ ಗಕ್ಕನೆ ನಿಂತ. ಮಂಡಿಯೂರಿ ಅಗೆದ. ಅಂಗೈ ಮೇಲೆ ನಾಣ್ಯವಿಟ್ಟುಕೊಂಡು, ಮುದುಕ, ಬಿಕ್ಕಿ ಬಿಕ್ಕಿ ಅತ್ತ.

“ಚಿನ್ನ ಹಾಳಾಗ್ಲಿ ಬರ್ನಿ. ನನಗೆ ಕೇಳಿಸ್ತು. ಕಿವಿ ಇನ್ನೂ ಸತ್ತಿಲ್ಲ ಕಣೋ. ಮೆಷಿನ್ ಮಾರಲ್ಲ ನಾನು. ಮಂಗಳವಾರ ಮ್ಯೂಸಿಯಮ್‌ಗೆ ಒಯ್ತೀನಿ. ಫೋಟೋ ತೆಗೆದು ನನ್ನ ಹೆಸರು ಬರ್ಕೋತಾರೆ.”

ಫೋಟೋ ಎಂದದ್ದೇ ತಡ, ಬರ್ನಾರ್ಡ್‌ಗೆ ತಾನು ಮರೆತದ್ದು ನೆನಪಾಯಿತು. ಆ ನಾಣ್ಯವನ್ನು ಅವನೂ ಸಿಕ್ಕಿದಾಗಲೇ ಬರೆಸಿದ್ದ. ಅಂಚಿನ ಕಚ್ಚು ಸಮೇತ ಅದರ ಫೋಟೋ, ಸಿಕ್ಕಿದ ಹೊಲ, ಅವನ ಹೆಸರು, ಎಲ್ಲ ಅದೇ ಮ್ಯೂಸಿಯಮ್ಮಿನಲ್ಲಿತ್ತು. ಮಂಗಳವಾರ ಯಾರಾದರೂ ಹಳೆಯ ಕಡತ ತೆರೆದರೆ ನೆವಿಲ್ ಕಳ್ಳನಂತೆ ತಲೆತಗ್ಗಿಸಿ ನಿಲ್ಲಬೇಕಾಗುತ್ತದೆ. ಹೇಳದಿದ್ದರೆ ಗೆಳೆಯನ ಮಾನ ಹೋಗುತ್ತದೆ, ಹೇಳಿದರೆ ಗೆಳೆಯನೇ ಹೋಗುತ್ತಾನೆ.

ಚಿನ್ನ ಸಿಕ್ಕಿದ ಖುಷಿಗೆ ಮಿಸೆಸ್ ಗೆಜ್ ಸೋಮವಾರ ಮಧ್ಯಾಹ್ನ ಇಬ್ಬರನ್ನೂ ಟೀಗೆ ಕರೆದಿದ್ದರು. ನೆವಿಲ್ ಅವರ ಅಂಗಳದಲ್ಲಿ ಮೇಜಿನ ಮುಂದೆ ಕೂತು ಕೇಕು ತಿನ್ನುತ್ತಿದ್ದ. ನಾಣ್ಯ ತಟ್ಟೆಯ ಪಕ್ಕದಲ್ಲಿತ್ತು. ಬರ್ನಾರ್ಡ್ ಬಗ್ಗಿ ಅವನ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

“ಏನಂದೆ? ಜೋರಾಗಿ ಹೇಳೋ.”

ಇನ್ನೊಮ್ಮೆ ಹೇಳಿದ. ನೆವಿಲ್ ಕಿವಿಗೆ ಕೈ ಅಡ್ಡ ಹಿಡಿದ.

“ಅದು ನಂದು, ನೆವ್. ಶನಿವಾರ ನಾನೇ ಹೂತಿಟ್ಟಿದ್ದು,” ಎಂದು ಬರ್ನಾರ್ಡ್ ಅರಚಿದ. ಟೀ ಹಿಡಿದು ಬರುತ್ತಿದ್ದ ಮಿಸೆಸ್ ಗೆಜ್ ಬಾಗಿಲಲ್ಲೇ ನಿಂತುಬಿಟ್ಟರು.

ನೆವಿಲ್ ಬಯ್ಯಲಿಲ್ಲ. ಬಯ್ದಿದ್ದರೆ ಎಷ್ಟೋ ವಾಸಿಯಿತ್ತು. ನಾಣ್ಯವನ್ನು ಬೆರಳಿನಿಂದ ಬರ್ನಾರ್ಡ್ ಕಡೆಗೆ ತಳ್ಳಿದ.

“ನಿನ್ನೆ ನೀನು ನನ್ನನ್ನೇ ನೋಡ್ತಾ ನಿಂತಿದ್ದೆ, ಅಲ್ವಾ?”

ಬರ್ನಾರ್ಡ್ ಹೌದೆಂದು ತಲೆಯಾಡಿಸಿದ.

“ಕೇಳ್ಸೋಕೆ ಮುಂಚೆ ಎಷ್ಟು ಸಲ ಅದರ ಮೇಲೆ ಹೋಗಿದ್ದೆ ನಾನು?”

ಒಂದು ಸಲ ಎಂದು ಹೇಳಿಬಿಡಬಹುದಿತ್ತು. ಬರ್ನಾರ್ಡ್‌ಗೆ ಇನ್ನೊಂದು ಸುಳ್ಳು ಹೇಳುವ ಧೈರ್ಯ ಉಳಿದಿರಲಿಲ್ಲ. “ಆರು ಸಲ,” ಎಂದು ಗೊಣಗಿದ.

“ಎಷ್ಟು?”

“ಆರು ಸಲ ಕಣೋ,” ಎಂದು ಬರ್ನಾರ್ಡ್ ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ.