ಅಂಗೈಯಲ್ಲಿ ಕೂತವನು

ನಮ್ಮಕ್ಕ ಚಂದ್ರವ್ವನಿಗೆ ಯಾವುದನ್ನೂ ಅರ್ಧ ಮಾಡಿ ಗೊತ್ತಿಲ್ಲ. ಅನಗೋಳದ ಓಣಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಒಂದು ಹೊಲಿಗೆ ಸೊಟ್ಟಗಾದರೆ ಇಡೀ ತೋಳನ್ನೇ ಬಿಚ್ಚಿ ಕೂರುತ್ತಾಳೆ. ಗಿರಾಕಿ ಕಾಯಲಿ, ಅವಳಿಗೇನು. ಅಂಥವಳನ್ನು ಧ್ಯಾನಕ್ಕೆ ಕಳಿಸಿದರೆ ಇನ್ನೇನಾದೀತು?

ಕಳಿಸಿದ್ದು ಡಾಕ್ಟರು. ಒಬ್ಬಳೇ ಮಗಳು ನೇತ್ರಾ ಸ್ಕೂಟಿಯಲ್ಲಿ ಖಾನಾಪುರಕ್ಕೆ ಹೋಗುವಾಗ ಟೆಂಪೋ ಬಡಿದು ತೀರಿಹೋದ ಮೇಲೆ ಅಕ್ಕನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಟೆಂಪೋ ಓಡಿಸುತ್ತಿದ್ದ ದಿಗಂಬರನನ್ನು ಕೂತಲ್ಲಿ ನಿಂತಲ್ಲಿ ಶಪಿಸುತ್ತಿದ್ದಳು. ಸುಳ್ಳು ಯಾಕೆ ಹೇಳಲಿ, ನಾನೂ ದನಿಗೂಡಿಸುತ್ತಿದ್ದೆ. ಬೆಳಗಿನ ಪೂಜೆಯ ಹೊತ್ತಿನಲ್ಲಿ ಮಾತ್ರ ಅವಳು ಸುಮ್ಮನಾಗುತ್ತಿದ್ದಳು. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕಣ್ಣು ನೆಟ್ಟರೆ ಅಲ್ಲಿ ಮಗಳ ಮುಖ ಕಾಣುತ್ತದೆ ಎನ್ನುತ್ತಿದ್ದಳು. ಆ ಒಂದು ಗಳಿಗೆಗಾಗಿಯೇ ಬದುಕಿದ್ದಳು.

ಧ್ಯಾನ ಹೇಳಿಕೊಡುವ ಸಾನಿಕಾ ಒಳ್ಳೆಯ ಹುಡುಗಿ. ಬುದ್ಧನ ಮೈತ್ರಿಧ್ಯಾನವಂತೆ. ಮೊದಲು ನಿಮಗೆ ನೀವೇ ಒಳ್ಳೆಯದಾಗಲಿ ಅಂದುಕೊಳ್ಳಿ, ಆಮೇಲೆ ಬೇಕಾದವರಿಗೆ, ಕಡೆಗೆ ಬೇಡವಾದವರಿಗೆ. ಅದರಲ್ಲೂ ಸಣ್ಣ ಸಿಟ್ಟಿನವರಿಂದ ಶುರು ಮಾಡಿ, ದೊಡ್ಡದಕ್ಕೆ ಅವಸರ ಬೇಡ ಎಂದು ಸಾರಿ ಸಾರಿ ಹೇಳಿದ್ದಳು. ಅಕ್ಕ ಕೇಳಬೇಕಲ್ಲ! ಸಣ್ಣ ಸಿಟ್ಟು ತನ್ನ ಹತ್ತಿರ ಇಲ್ಲವೇ ಇಲ್ಲ ಎಂದಳು. ಕಣ್ಣು ಮುಚ್ಚಿದರೆ ಯಾರ ಮುಖವೂ ನಿಲ್ಲುವುದಿಲ್ಲವೆಂದು, ಚಿಕ್ಕಂದಿನಿಂದ ರೂಢಿಯಾದ ಹಾಗೆ ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದು, ಬರಿಯ ಅಂಗೈಯಲ್ಲಿ ದಿಗಂಬರನನ್ನು ಕೂರಿಸಿ, ಸುಖವಾಗಿರು ಎಂದಳು.

ಕೂತವನು ಏಳಲಿಲ್ಲ. ಮರುದಿನ ಪೂಜೆಗೆ ಕೂತರೆ ಲಿಂಗದ ಮೇಲೆ ಅವನೇ. ಮಗಳು ಕಾಣಲೇ ಇಲ್ಲ. ಬೈಯೋಣವೆಂದರೆ ಕೈಯಲ್ಲಿ ಲಿಂಗವಿದೆ. ಸುಖವಾಗಿರು ಎನ್ನಲು ಮನಸ್ಸು ಒಪ್ಪದು. ಕೆಲವು ದಿನ ಅವನನ್ನು ಬಿಟ್ಟು ಬರೀ ಉಸಿರನ್ನು ಗಮನಿಸಿ ಎಂದಳು ಸಾನಿಕಾ. ಮಠದ ಈರಯ್ಯನವರು ವಿಭೂತಿ ಕೊಟ್ಟು ಕಳಿಸಿದರು. ನಾನು ಆ ಕ್ಲಾಸಿಗೇ ಬೆಂಕಿ ಹಚ್ಚುತ್ತೇನೆಂದು ಕೂಗಾಡಿದೆ. ಯಾವುದರಿಂದಲೂ ಏನೂ ಆಗಲಿಲ್ಲ.

ಹೋದ ತಿಂಗಳು ಕೇಸಿನ ತಾರೀಖಿಗೆ ಅಕ್ಕನ ಜೊತೆ ಖಾನಾಪುರದ ಕೋರ್ಟಿಗೆ ಹೋಗಿದ್ದೆ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದಾಗ ಆ ದಿಗಂಬರ ತಾನಾಗಿಯೇ ಎದುರಿಗೆ ಬಂದ. ಗಡ್ಡ ಬಿಟ್ಟು ಸೊರಗಿದ್ದ. ನಾನು ಚಪ್ಪಲಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದು ಅವನನ್ನೇ ನೋಡಿದಳು.

“ಬೈರಿ ಮೌಶಿ,” ಎಂದ ಅಕ್ಕನಿಗೆ. “ಒಂದ್ ಮಾತರ ಬೈರಿ ನನಗ. ನೀವು ಹಿಂಗ ಸುಮ್ನ ನೋಡೂದು ತಡಕೊಳ್ಳಾಕ ಆಗವಲ್ದು.”

ಅಕ್ಕ ಎಡಗೈ ಬಿಚ್ಚಿ ಅದನ್ನೇ ನೋಡುತ್ತ ಕೂತಳು. ಕಣ್ಣೆತ್ತದೆಯೇ ಮೆಲ್ಲಗೆ ಹೇಳಿದಳು.

“ದಿನಾ ಮುಂಜಾನೆ ಇಲ್ಲಿ ಬಂದು ಕುಂದರ್ತಿಯಪ್ಪಾ ನೀ. ಬೈಯಾಕ ಬಾಯಿ ಬರೂದಿಲ್ಲ. ಕುಂದರಬ್ಯಾಡ ಅಂತನೂ ಅನ್ನಂಗಿಲ್ಲ ನಾ. ಒಂದೀಟು ಸರದು ಕುಂದರು. ನನ್ನ ಮಗಳಿಗೆ ಜಾಗಾ ಇಲ್ದಂಗ ಆಗೇತಿ.”