ಸಂದಿನಲ್ಲಿ ತಿರುಗದ ಪಿಯಾನೊ

ಅಣ್ಣನ ಬಲ ಮಣಿಕಟ್ಟು ಮುರಿದದ್ದು ಪಿಯಾನೊದ ಕಾಲಿನ ಏಟಿಗೆ. ಆ ಕಾಲನ್ನು ಹಿಡಿದಿದ್ದವಳು ನಾನು. ಇಷ್ಟರ ಬಗ್ಗೆ ನನಗೂ ಅನುಮಾನವಿಲ್ಲ, ಅತ್ತಿಗೆಗೂ ಇಲ್ಲ. ಉಳಿದದ್ದರಲ್ಲಿ ನನ್ನ ನೆನಪನ್ನು ನಾನೇ ಪೂರ್ತಿ ನಂಬಲಾರೆ.

ಅಪ್ಪ ತೀರಿಕೊಂಡ ಮೇಲೆ ಅರಸೀಕೆರೆಯ ಮನೆಯಲ್ಲಿ ನನ್ನ ಪಾಲು ಕೇಳಿದ್ದೆ. ಕಾನೂನು ನನ್ನ ಕಡೆಗಿತ್ತು. ಕಾಲೇಜಿನಲ್ಲಿ ಪಾಠ ಮಾಡುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗಂಡಸಿ ಊರಿನಿಂದ ದೊಡ್ಡಪ್ಪ ಬಂದು ಪಂಚಾಯಿತಿಗೆ ಕೂತರು. ಹೆಣ್ಣುಮಗಳಿಗೆ ಹೆಬ್ಬಾಗಿಲು ಯಾಕೆ ಎಂದು ಕೇಳಿ, ಹಜಾರದ ನಡುವೆ ಗೋಡೆ ಎಬ್ಬಿಸಿದರು. ಬೀದಿಗೆ ತೆರೆಯುವ ಮುಂದಿನ ಅರ್ಧ ಅಣ್ಣನಿಗೆ, ಹಿಂದಿನದು ನನಗೆ. ನನ್ನ ಬಾಗಿಲಿಗೆ ಪಕ್ಕದ ಸಂದಿನಲ್ಲಿ ನಡೆದು ಹೋಗಬೇಕು. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟೇ ಅಗಲ. ಹಬ್ಬಹುಣ್ಣಿಮೆಗೆ ಬೇಕಾದೀತೆಂದು ನಡುಗೋಡೆಯಲ್ಲಿ ಒಂದು ಬಾಗಿಲು ಬಿಟ್ಟಿದ್ದರು. ಅಣ್ಣ ಅದಕ್ಕೆ ತನ್ನ ಕಡೆಯಿಂದ ಚಿಲಕ ಜಡಿದು, ಮುಂದಕ್ಕೆ ಬೀರು ತಳ್ಳಿದ. ಆಮೇಲೆ ನಾವು ಎರಡು ವರ್ಷ ಮಾತಾಡಲಿಲ್ಲ.

ಅರೇಹಳ್ಳಿಯ ಆಚೆ ಒಂದು ಎಸ್ಟೇಟು ಮಾರಾಟವಾಗಿ, ಬಂಗಲೆಯ ಸಾಮಾನು ಬಿಡಿಬಿಡಿಯಾಗಿ ಕೊಡುತ್ತಿದ್ದಾರೆಂದು ಸಹೋದ್ಯೋಗಿಯೊಬ್ಬರು ಹೇಳಿದರು. ಅದರಲ್ಲಿ ಒಂದು ಗ್ರ್ಯಾಂಡ್ ಪಿಯಾನೊ ಇತ್ತು, ಮೂರು ಕಾಲಿನದು, ಮುಚ್ಚಳ ರೆಕ್ಕೆಯಂತೆ ಏಳುವಂಥದು. ಮೈಸೂರಿನಲ್ಲಿ ಓದುವಾಗ ನಾನು ಪಿಯಾನೊ ಕಲಿತಿದ್ದೆ. ಆಮೇಲೆ ಪ್ಲಗ್ ಚುಚ್ಚುವ ಕೀಬೋರ್ಡಿನಲ್ಲೇ ಕಾಲ ಹಾಕಿದ್ದೆ. ಇದರ ಏಳೆಂಟು ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಆದರೂ ಒಂದು ಮಂದ್ರ ಸ್ವರ ಒತ್ತಿ ಬಿಟ್ಟಾಗ ನೆಲ ನಡುಗಿದ್ದು ಪಾದಕ್ಕೆ ತಿಳಿಯಿತು. ಕೊಂಡೆ.

ಸಂದಿನಲ್ಲಿ ಅದು ತಿರುಗುವುದಿಲ್ಲವೆಂದು ಗೊತ್ತಿರಲಿಲ್ಲ ಎಂದೇ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ನಾನೂ ಹಾಗೆಯೇ ನಂಬಿದ್ದೆ. ಮೊನ್ನೆ ಡೈರಿ ತೆಗೆದು ನೋಡಿದರೆ, ಮುಂಗಡ ಕೊಡುವ ಹಿಂದಿನ ದಿನದ ಪುಟದಲ್ಲಿ ಸಂದಿನ ಅಗಲವಿದೆ, ಪಿಯಾನೊದ ಉದ್ದವಿದೆ, ಅಣ್ಣನ ಹೆಬ್ಬಾಗಿಲಿನ ಅಗಲವೂ ಇದೆ. ಎಲ್ಲವೂ ನನ್ನದೇ ಅಕ್ಷರ. ಹಾಗಾದರೆ ನಾನು ಕೊಂಡದ್ದು ವಾದ್ಯವನ್ನೋ, ಆ ಬಾಗಿಲಿಗೆ ಗುದ್ದಲು ಒಂದು ದಿಮ್ಮಿಯನ್ನೋ?

ಲಾರಿಯಲ್ಲಿ ನಾನೂ ಕೂತು ಬಂದೆ. ಹಳೇಬೀಡು ದಾಟಿದ ಮೇಲೆ ರಸ್ತೆಯ ಪ್ರತಿ ಉಬ್ಬಿಗೂ ಹಿಂದಿನಿಂದ ಗುಡುಗಿದ ಹಾಗೆ ಕೇಳುತ್ತಿತ್ತು. ಮನೆಯ ಮುಂದೆ ತೆಂಗಿನಕಾಯಿ ಮಂಡಿಯ ಆರು ಜನ ಹಮಾಲಿಗಳು ಕಾದಿದ್ದರು. ಕಾಲು ಮೂರನ್ನೂ ಬಿಚ್ಚಿ, ಒಡಲನ್ನು ಕಂಬಳಿಯಲ್ಲಿ ಸುತ್ತಿ ಹಲಗೆಯ ಮೇಲೆ ಅಡ್ಡ ನಿಲ್ಲಿಸಿದರು. ಅವರ ಮೇಸ್ತ್ರಿ ಸಂದಿನೊಳಗೆ ಹೋಗಿ ನೋಡಿ ಬಂದ.

"ತಿರುಗಲ್ಲ ಕಣಕ್ಕ. ಕಾಯಿಮೂಟೆ ಆದ್ರೆ ಹೆಗಲ ಮೇಲೆ ತಿರುಗಿಸ್ಬೋದು, ಇದು ಮಲಗಿರೋ ಎಮ್ಮೆ ಆದಂಗೈತೆ."

ನಾನು ಹೆಬ್ಬಾಗಿಲು ತೋರಿಸಿದೆ. ಅಣ್ಣ ಹೊಸ್ತಿಲ ಮೇಲೆ ನಿಂತಿದ್ದ. ಬೀರು ಸರಿಸಿ ನಡುಬಾಗಿಲು ಬಿಡು, ಹತ್ತು ನಿಮಿಷದ ಕೆಲಸ ಎಂದೆ. ಅವನು ಬೀದಿಗೆಲ್ಲ ಕೇಳುವಂತೆ ಮಾತಾಡಲಿಲ್ಲ. ಅದು ಚೆನ್ನಾಗಿ ನೆನಪಿದೆ.

"ತವರುಮನೆ ಅಂತ ಬಂದಿದ್ರೆ ಈ ಬಾಗ್ಲು ನಿಂದೇ ಆಗಿತ್ತು ಕಣೇ. ಪಾಲು ತಗೊಂಡೆ. ಸಂದೀಲಿ ಹೋಗು."

ತಳ್ಳಿರಿ ಎಂದು ಹಮಾಲಿಗಳಿಗೆ ಹೇಳಿದೆ. ಅವರು ಪಿಯಾನೊವನ್ನು ಜಗಲಿಗೆ ಏರಿಸಿದರು. ಅಣ್ಣ ಒಳಗೆ ಹೋಗಿ ಕಾಯಿ ಸುಲಿಯುವ ಹಾರೆ ತಂದ. ಹಮಾಲಿಗಳು ಹಲಗೆ ಬಿಟ್ಟು ಹಾರಿದರು. ಹಾರೆ ಕಂಬಳಿ ಹರಿದು ಮರಕ್ಕೆ ಇಳಿಯಿತು. ಒಳಗಿನ ತಂತಿಗಳೆಲ್ಲ ಒಟ್ಟಿಗೆ ಮೊರೆದವು. ಕುತ್ತಿಗೆ ಅರ್ಧ ಕೊಯ್ದ ಪ್ರಾಣಿಯ ಕೂಗು ಅದು, ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ಕೆಳಗೆ ಗೋಣಿಯ ಮೇಲಿದ್ದ ಒಂದು ಕಾಲನ್ನು ನಾನು ಎತ್ತಿಕೊಂಡೆ. ತೊಡೆಯಷ್ಟು ದಪ್ಪ, ತುದಿಯಲ್ಲಿ ಹಿತ್ತಾಳೆಯ ಗಾಲಿ. ಆ ಗಾಲಿ ಅವನ ಮಣಿಕಟ್ಟಿಗೆ ಬಿತ್ತು. ಹಸಿ ಕೊಂಬೆ ಸೀಳಿದಂತೆ ಸದ್ದಾಯಿತು. ಎರಡನೇ ಸಲ ಎತ್ತಿದೆ, ಈ ಸಲ ತಲೆಗೆ. ಮೇಸ್ತ್ರಿ ಹಿಂದಿನಿಂದ ತೋಳು ಹಿಡಿದ. ಅತ್ತಿಗೆ ಜಡೆ ಹಿಡಿದೆಳೆದು ನನ್ನ ಮುಖವನ್ನು ಬಾಗಿಲವಾಡಕ್ಕೆ ಜಜ್ಜಿದಳು. ಹುಬ್ಬು ಒಡೆದು ಕಣ್ಣಿಗೆ ರಕ್ತ ಇಳಿಯಿತು. ಅವಳ ಕೈಯನ್ನು ಕಚ್ಚಿದೆ. ಬಾಯಲ್ಲಿ ಉಪ್ಪು.

ನನ್ನ ನೆನಪಿನಲ್ಲಿ, ನಾನು ಹೊಡೆದಾಗ ಅಣ್ಣ ಎರಡನೇ ಏಟಿಗೆ ಹಾರೆ ಎತ್ತಿದ್ದ. ಅತ್ತಿಗೆಯ ಪ್ರಕಾರ, ತಂತಿಗಳ ಆ ಮೊರೆತ ಕೇಳಿದ ಕೂಡಲೇ ಅವನು ಹಾರೆ ಕೆಳಗೆ ಬಿಟ್ಟು, ಅಂಗೈಯನ್ನು ಕಂಬಳಿಯ ಮೇಲೆ ಇಟ್ಟಿದ್ದ. "ಮಗೀನ್ ಬೆನ್ನು ಸವರೋ ಹಂಗೆ ಇಟ್ಟಿದ್ರು. ಆ ಕೈ ಮೇಲೆ ಹೊಡ್ದೆ ನೀನು," ಎಂದಳು. ಎದುರು ಮನೆಯವರ ಮೊಬೈಲಿನಲ್ಲಿರುವ ವಿಡಿಯೊ ಶುರುವಾಗುವುದೇ ರಕ್ತ ಕಂಡ ಮೇಲೆ. ಹಮಾಲಿಗಳನ್ನು ಕೇಳಿದರೆ, ನಾವು ಪಿಯಾನೊ ಬೀಳದಂಗೆ ನೋಡ್ಕೋತಿದ್ವಿ ಎನ್ನುತ್ತಾರೆ.

ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತೆಂದು ಕೇಳಿದರು. ಸಾಮಾನು ಇಳಿಸುವಾಗ ಕೈ ಮೇಲೆ ಬಿತ್ತು ಎಂದ ಅಣ್ಣ. ಇವರ ಹುಬ್ಬು? ಅದೂ ಅದೇ, ಎಂದ. ಅವನು ನನ್ನನ್ನು ಉಳಿಸಿದನೋ, ತಂಗಿಯಿಂದ ಪೆಟ್ಟು ತಿಂದೆ ಎನ್ನಲಾರದೆ ಹಾಗೆಂದನೋ, ಗೊತ್ತಿಲ್ಲ.

ನಾವು ಆಸ್ಪತ್ರೆಯಲ್ಲಿದ್ದಾಗ ಹಮಾಲಿಗಳು ಪಿಯಾನೊವನ್ನು ಅವನ ಜಗಲಿಯ ಮೇಲೆಯೇ ಗೋಡೆಗೆ ಒರಗಿಸಿ ಹೋಗಿದ್ದರು. ಈಗಲೂ ಅಲ್ಲೇ ಇದೆ, ಟಾರ್ಪಾಲು ಹೊದ್ದು. ಹೊದಿಸಿದ್ದು ನಾನಲ್ಲ.

ಅಣ್ಣನ ಕೈಗೆ ಪ್ಲಾಸ್ಟರ್ ಹಾಕಿ ಮೂರು ವಾರವಾದ ಮೇಲೆ ಒಂದು ಮಧ್ಯಾಹ್ನ ಅವನ ಹೊಸ್ತಿಲ ಹೊರಗೆ ನಿಂತೆ. ಅವನು ಹಜಾರದಲ್ಲಿ ಕೂತು ಎಡಗೈಯಲ್ಲಿ ಮುದ್ದೆ ಮುರಿಯುತ್ತಿದ್ದ. ಎಡಗೈಯಲ್ಲಿ ಉಂಡರೆ ಅಪ್ಪ ಕೈಗೆ ಬಾರಿಸುತ್ತಿದ್ದರು. ತುತ್ತು ಜಾರಿ ಸಾರಿಗೆ ಬೀಳುತ್ತಿತ್ತು, ಮತ್ತೆ ಹುಡುಕಿ ಎತ್ತುತ್ತಿದ್ದ. ನಾನು ಹೊಡೆದಾಗ ನಿನ್ನ ಕೈಯಲ್ಲಿ ಹಾರೆ ಇತ್ತಾ ಎಂದು ಕೇಳಿದೆ.

ಅವನು ತಲೆ ಎತ್ತಲಿಲ್ಲ. "ಇರ್ಲಿಲ್ಲ ಅಂದ್ರೆ ಏನ್ಮಾಡ್ತೀಯ? ಇತ್ತು ಅಂತ್ಲೇ ಬರ್ಕೋ ಹೋಗು."

ನನ್ನ ಬೆರಳುಗಳು ತಾವಾಗಿ ಮಡಚಿಕೊಂಡವು. ಅವನ ಕೈಯಲ್ಲಿ ಒಂದು ತುತ್ತು ಮುದ್ದೆ ಬಿಟ್ಟರೆ ಏನೂ ಇರಲಿಲ್ಲ, ಅದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೂ ಹೊಡೆಯಬೇಕೆನ್ನಿಸಿತು.