ಹದಿನಾಲ್ಕು ಅಡಿ ತಗಡು

ನಾಚಾರಂನ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ತಗಡು ಅಳೆಯುತ್ತಿದ್ದೇನೆ. ಕರೆಂಟಿನ ಮೀಟರು ಕೂರಿಸುವ ಪೆಟ್ಟಿಗೆಗಳು ಅಲ್ಲಿ ತಯಾರಾಗುತ್ತವೆ. ಮಡಿಕೆ ಸರಿ ಬಿದ್ದಿದೆಯೇ, ಮೂಲೆ ಕೂಡಿದೆಯೇ, ಬಾಗಿಲು ಮುಚ್ಚಿದರೆ ಸಂದಿ ಎಷ್ಟು ಉಳಿಯುತ್ತದೆ ಎಂದು ನೋಡುವುದು ನನ್ನ ಕೆಲಸ. ಸರಿಯಿದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು. ಕೆಂಪು ಹಾಕುವಾಗ ನನ್ನ ಮುಖದ ಮೇಲೆ ಒಂದು ಕಳೆ ಬರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಅವಳು ಕಾರ್ಖಾನೆಗೆ ಬಂದು ನೋಡಿದವಳಲ್ಲ. ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದ ದಿನ ನೋಡಿರಬೇಕು. ಹೀಗಾಗಿ ಹಿತ್ತಲಿನ ಶೆಡ್ಡಿನ ಸೂರಿಗೆ ಮಳೆನೀರು ಹಿಡಿಯುವ ತಗಡಿನ ದೋಣಿ ಕಟ್ಟುವ ಮಾತು ಬಂದಾಗ ಅದು ಯಾರ ಕೆಲಸ ಎಂಬ ಚರ್ಚೆಯೇ ಆಗಲಿಲ್ಲ.

ನಮ್ಮ ಮನೆ ಕೂಕಟ್‌ಪಲ್ಲಿಯ ಒಂದು ಗಲ್ಲಿಯಲ್ಲಿದೆ. ಎರಡೂ ಬದಿಗೆ ಐದೈದು ಮಹಡಿಯ ಫ್ಲ್ಯಾಟುಗಳು, ನಡುವೆ ನಮ್ಮದೊಂದು ಹಳೆಯ ಒಂದಂತಸ್ತಿನ ಮನೆ. ಹಿತ್ತಲಲ್ಲಿ ಮೂರು ಕಡೆ ಗೋಡೆ, ಮೇಲೆ ಶೀಟು, ಮುಂದೆ ಬಯಲು ಇರುವ ಒಂದು ಶೆಡ್ಡಿದೆ. ಅದು ಅಕ್ಕನ ರೊಟ್ಟಿ ಶೆಡ್ಡು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ, ಎಂಟು ವರ್ಷದ ಹಿಂದೆ, ಇಂಡಿಯಿಂದ ನಮ್ಮ ಮನೆಗೆ ಬಂದಳು. ಬಂದ ಮೂರನೆಯ ತಿಂಗಳಿಗೇ ಆ ಶೆಡ್ಡಿನಲ್ಲಿ ಒಲೆ ಹೂಡಿ ಖಡಕ್ ರೊಟ್ಟಿ ಬಡಿದು ಮಾರಲು ಶುರು ಮಾಡಿದಳು. ಕೊಂಡಾಪುರದ ಆಫೀಸುಗಳಲ್ಲಿ ಕೆಲಸ ಮಾಡುವ ಬೆಂಗಳೂರು, ಮೈಸೂರು, ಮಂಗಳೂರು ಕಡೆಯ ಹುಡುಗಿಯರು ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬಂದು ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಒಯ್ಯುತ್ತಾರೆ. ಪಲ್ಯ, ಮೊಸರು ಏನೂ ಇಲ್ಲದೆ ರೊಟ್ಟಿಯನ್ನು ಹಪ್ಪಳದ ಹಾಗೆ ಮುರಿದು ತಿನ್ನುತ್ತಾರೆಂದು ಅಕ್ಕನಿಗೆ ಅವರ ಮೇಲೆ ಸಣ್ಣ ಮರುಕವಿದೆ. ಆದರೂ ಶನಿವಾರ ಬಂತೆಂದರೆ ಅವಳು ಬಾಗಿಲ ಕಡೆ ನೋಡುತ್ತಿರುತ್ತಾಳೆ.

ಖಡಕ್ ರೊಟ್ಟಿಗೆ ಬೇಕಾದ್ದು ಒಣ ಹವೆ. ಬೇಯಿಸಿದ ರೊಟ್ಟಿಯನ್ನು ಒಲೆಯ ಸುತ್ತ ಒಂದಕ್ಕೊಂದು ಆನಿಸಿ ನಿಲ್ಲಿಸಿದರೆ ಅದು ಆ ಕಾವಿನಲ್ಲಿ ನಿಧಾನವಾಗಿ ಸೆಟೆಯುತ್ತದೆ. ತೇವ ತಗುಲಿದರೆ ತೊಗಲಾಗುತ್ತದೆ, ಎರಡು ದಿನದಲ್ಲಿ ಬೂಸ್ಟು ಹಿಡಿಯುತ್ತದೆ. ನಮ್ಮ ಶೆಡ್ಡಿನ ಶೀಟು ಮುಂದಕ್ಕೆ ಇಳಿದಿದೆ. ಹೊಗೆ ಹೊರಗೆ ಹೋಗಲೆಂದು ಒಲೆಯೂ ಮುಂದೆಯೇ ಇದೆ. ಮಳೆ ಬಂದಾಗ ಶೀಟಿನ ಉದ್ದಕ್ಕೂ ನೀರು ಪರದೆ ಬಿಟ್ಟಂತೆ ಅವಳ ಎದುರಿಗೇ ಬೀಳುತ್ತಿತ್ತು. ನೆಲಕ್ಕೆ ಬಡಿದು ಸಿಡಿದ ಹನಿಗಳೆಲ್ಲ ರೊಟ್ಟಿಯ ಮೇಲೆ. ಹಿಂದಿನ ವರ್ಷದ ಮಳೆಗಾಲ ಎಂದಿಗಿಂತ ಜೋರಾಗಿತ್ತು, ಮೂರು ಸಲ ಬುಟ್ಟಿಗಟ್ಟಲೆ ರೊಟ್ಟಿ ಕೆಟ್ಟಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಲ್ಕನೆಯ ಸಲಕ್ಕೆ ಕಾಯದೆ ಅಕ್ಕ ಒಲೆ ಆರಿಸಿದಳು. ದಸರೆಯವರೆಗೆ ಹಚ್ಚಲಿಲ್ಲ.

ಆ ನಾಲ್ಕು ತಿಂಗಳು ಅವಳು ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಒಂದು ಕಪ್ಪು ಚಹ ಮಾಡಿಕೊಳ್ಳಬೇಕಾದರೂ ನನ್ನ ಹೆಂಡತಿಯನ್ನು ಕೇಳುತ್ತಿದ್ದಳು. ಅಷ್ಟು ವರ್ಷದಲ್ಲಿ ಎಂದೂ ಕೇಳದವಳು ಹಾಗೆ ಕೇಳುವುದನ್ನು ನೋಡಿ ಹೆಂಡತಿ ಎರಡು ಸಲ ಅಡುಗೆಮನೆಯಲ್ಲಿ ಅತ್ತಳು. ಊಟಕ್ಕೆ ಕೂತರೆ ಅಕ್ಕ ಎರಡನೆಯ ಸಲ ಏನನ್ನೂ ಹಾಕಿಸಿಕೊಳ್ಳುತ್ತಿರಲಿಲ್ಲ. ದೀಪಾವಳಿಯ ಮರುದಿನ ಅವಳು ತಣ್ಣಗೆ ಹೇಳಿದಳು:

"ಮುಂದಿನ ಮಳಿಗಾಲದಾಗೂ ಒಲಿ ಆರಿತಂದ್ರ ನಾ ಇಂಡಿಗೆ ಹೋಗ್ತೀನಿ ತಮ್ಮಾ. ತಮ್ಮನ ಮನ್ಯಾಗ ಸುಮ್ನ ಕೂತು ಉಣ್ಣೂದು ನನ್ನಿಂದ ಆಗಂಗಿಲ್ಲ."

ಇಂಡಿ ಎಂದರೆ ಅವಳ ಮೈದುನನ ಮನೆ. ಅಲ್ಲಿ ಅವಳಿಗೆ ಇದ್ದದ್ದು ಜೋಳದ ಚೀಲಗಳ ಮಗ್ಗುಲಲ್ಲಿ ಹಾಸಿಗೆ ಬಿಚ್ಚುವಷ್ಟು ಜಾಗ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ನಾನು "ನೋಡೂಣು" ಎಂದೆ. ಅಷ್ಟೇ. ಒಬ್ಬ ತಮ್ಮ ಆಡಬೇಕಾದ ಮಾತು ಬೇರೆ ಏನೋ ಇತ್ತು. ಆದರೆ ನನ್ನ ತಲೆಯಲ್ಲಿ ಆಗಲೇ ಶೀಟಿನ ಅಂಚಿನ ಉದ್ದ ಓಡುತ್ತಿತ್ತು: ಹದಿನಾಲ್ಕು ಅಡಿ.

ದೋಣಿ ಆರಿಸಲು ನಾನು ನಾಲ್ಕು ಭಾನುವಾರ ಕಳೆದೆ. ಶೀಟಿನ ಅಂಚಿನ ಕೆಳಗೆ ಉದ್ದಕ್ಕೂ ಕಟ್ಟಿ, ಬಿದ್ದ ನೀರನ್ನು ಹಿಡಿದು ಒಂದು ತುದಿಗೆ ಒಯ್ದು ಪೈಪಿನಲ್ಲಿ ಇಳಿಸುವ ಸಾಧನ, ಇದರಲ್ಲಿ ಆರಿಸುವುದೇನಿದೆ ಎಂದು ಹೆಂಡತಿ ಕೇಳಿದಳು. ತಿಳಿಯದವರಿಗೆ ಹಾಗೆಯೇ ಅನಿಸುತ್ತದೆ. ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಇಲ್ಲಿನ ಮೇ ತಿಂಗಳ ಬಿಸಿಲಿಗೆ ಹೊಟ್ಟೆ ಬಿಡುತ್ತದೆ. ಅಲ್ಯುಮಿನಿಯಂ ಹಗುರ, ಮಂಗ ಒಂದು ಸಲ ಜೋತುಬಿದ್ದರೆ ಮುಗಿಯಿತು. ಒಂದು ದೊಡ್ಡ ಅಂಗಡಿಯಲ್ಲಿ ಬಣ್ಣದ ಪುಸ್ತಕ ತೆಗೆದು ತೋರಿಸಿದರು. ಪುಟಪುಟಕ್ಕೂ ಚಳಿ ದೇಶದ ಮನೆಗಳು, ಸೂರಿನ ತುಂಬ ಹಿಮ, ಹಿಮದ ಕೆಳಗೆ ಜಗ್ಗದೆ ನಿಂತ ದೋಣಿಗಳು. ಮೊಳದುದ್ದ ಮಂಜುಗಡ್ಡೆ ನೇತಾಡಿದರೂ ಇದಕ್ಕೆ ಏನೂ ಆಗುವುದಿಲ್ಲ ಎಂದು ಅಂಗಡಿಯವನು ಹಿಂದಿಯಲ್ಲಿ ಭರವಸೆ ಕೊಟ್ಟ. ಕೂಕಟ್‌ಪಲ್ಲಿಯಲ್ಲಿ ಮಂಜುಗಡ್ಡೆ ನೇತಾಡುವುದು ಕೆಟ್ಟ ಫ್ರಿಜ್ಜಿನೊಳಗೆ ಮಾತ್ರ ಎಂದು ನಾನು ಹೇಳಿದೆ. ಅವನು ನಗಲಿಲ್ಲ. ಆದರೂ ಆ ಚಿತ್ರಗಳನ್ನು ನಾನು ಬಹಳ ಹೊತ್ತು ನೋಡಿದೆ. ಭಾರ ಹೊರಲೆಂದು ಅವರು ಒಂದೂವರೆ ಅಡಿಗೊಂದು ಕೊಕ್ಕೆ ಹಾಕಿದ್ದರು. ನಮ್ಮವರು ಮೂರು ಅಡಿಗೊಂದು ಹಾಕಿ ಚಹಕ್ಕೆ ಹೋಗುತ್ತಾರೆ. ಪುಸ್ತಕ ವಾಪಸು ಕೊಟ್ಟೆ, ಕೊಕ್ಕೆಯ ಅಂತರವನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಂಡು ಬಂದೆ.

ಕೊನೆಗೆ ಮಾಲೀಕರನ್ನು ಕೇಳಿ ನಮ್ಮ ಕಾರ್ಖಾನೆಯಲ್ಲೇ ಮಾಡಿಸಿದೆ. ಜಿಂಕ್ ಬಳಿದ ದಪ್ಪ ತಗಡು, ಆರು ಇಂಚು ಅಗಲ, ಹಿಂದಿನ ತುಟಿ ಮುಂದಿನದಕ್ಕಿಂತ ಒಂದು ಇಂಚು ಎತ್ತರ. ಎರಡು ತುಂಡು ಕೂಡುವಲ್ಲಿ ರಿವಿಟ್ಟು, ಅದರ ಮೇಲೆ ಸಿಲಿಕಾನು. ಮಡಿಕೆಗಳನ್ನು ನಾನೇ ನಿಂತು ಹಾಕಿಸಿದೆ. ನನ್ನ ದೋಣಿಗೆ ನಾನೇ ಹಸಿರು ಗುರುತು ಹಾಕಿದ್ದನ್ನು ನೋಡಿ ಜೊತೆಯವರು ನಕ್ಕರು.

ಇಲ್ಲಿಯವರೆಗೆ ಎಲ್ಲ ಸರಿಯಿತ್ತು. ಇನ್ನು ಉಳಿದದ್ದು ದೋಣಿಯನ್ನು ಯಾವ ತುದಿಗೆ ಇಳಿಜಾರು ಮಾಡಬೇಕು ಎಂಬುದು. ಹಿತ್ತಲಿನ ಪಶ್ಚಿಮದ ತುದಿಯಲ್ಲಿ ಮೋರಿ ಇದೆ. ಪೂರ್ವದ ತುದಿಯಲ್ಲಿ ಏನೂ ಇಲ್ಲ, ಕಂಪೌಂಡಿನ ಗೋಡೆ ಮಾತ್ರ. ಬುದ್ಧಿ ಇದ್ದವನು ಮೋರಿಯ ಕಡೆ ಇಳಿಸುತ್ತಾನೆ. ಆದರೆ ಆ ಪೂರ್ವದ ತುದಿ ಮನೆಗೆ ಈಶಾನ್ಯ ಮೂಲೆ. ಈ ಊರಿನಲ್ಲಿ ನೀರು ಈಶಾನ್ಯಕ್ಕೆ ಹೋಗಬೇಕು ಎನ್ನುವ ಮಾತು ಹಾಲಿನವನಿಂದ ಹಿಡಿದು ಡಾಕ್ಟರರವರೆಗೆ ಎಲ್ಲರ ಬಾಯಲ್ಲೂ ಇದೆ. ಅದಕ್ಕಾಗಿ ಗೇಟು ಕಿತ್ತು ಸರಿಸಿದವರನ್ನು, ಚೆನ್ನಾಗಿದ್ದ ಬಚ್ಚಲು ಒಡೆದವರನ್ನು ನಮ್ಮ ಗಲ್ಲಿಯಲ್ಲೇ ಕಂಡಿದ್ದೇನೆ. ಕಂಡು ಅವರನ್ನು ಆಡಿಕೊಂಡಿದ್ದೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನನ್ನ ಸರದಿ ಬಂದಾಗ ಕೈ ತಡೆಯಿತು. ನೀರು ತಪ್ಪು ದಿಕ್ಕಿಗೆ ಹೋದರೆ ಮನೆಯ ಹೆಣ್ಣುಮಕ್ಕಳಿಗೆ ಒಳ್ಳೆಯದಲ್ಲ ಎಂದು ಯಾರೋ ಎಂದೋ ಹೇಳಿದ್ದು ನೆನಪಾಯಿತು. ಅಕ್ಕ ಒಮ್ಮೆ ಸಾಕಷ್ಟು ಅನುಭವಿಸಿದ್ದಾಳೆ, ನಾನು ಯಾಕೆ ಆ ಗಂಡಾಂತರ ತಲೆಗೆ ಕಟ್ಟಿಕೊಳ್ಳಲಿ ಎನಿಸಿತು. ಈ ಹುಚ್ಚು ಪೂರ್ತಿ ನನ್ನದೇ. ದೋಣಿಯನ್ನು ಈಶಾನ್ಯಕ್ಕೆ ಇಳಿಸಿ, ಪೈಪಿನ ಕೆಳಗೆ ಒಂದು ನೀಲಿ ಡ್ರಮ್ಮು ಇಡುವುದೆಂದು ತೀರ್ಮಾನಿಸಿದೆ. ನೀರು ಉಳಿಸಿದ ಪುಣ್ಯವೂ ಬರುತ್ತದೆ ಎಂದುಕೊಂಡೆ.

ಕಟ್ಟಿದ ದಿನ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಏಣಿಯ ಹತ್ತಿರ ಬಂದು ನಿಂತಳು. ನೆಲದ ಕಡೆ ನೋಡಿ, ಡ್ರಮ್ಮಿನ ಕಡೆ ನೋಡಿ, ಏನೋ ಹೇಳಲು ಬಾಯಿ ತೆರೆದಳು. ನಾನು ದಾರ ಹಿಡಿದು ಇಳಿಜಾರಿನ ಲೆಕ್ಕ ನೋಡುತ್ತಿದ್ದೆ.

"ಅಕ್ಕಾ, ನೀ ಒಳಗ ಕೂಡು. ಇದು ಅಳತಿ ಕೆಲಸ ಐತಿ," ಎಂದೆ.

ಅವಳು ಒಳಗೆ ಹೋದಳು. ಹದಿನಾಲ್ಕು ಅಡಿಗೆ ಒಂದು ಇಂಚು ಇಳಿಜಾರು, ಹತ್ತು ಕೊಕ್ಕೆ, ಒಂದೂ ಸೊಟ್ಟವಿಲ್ಲ. ಕೆಳಗೆ ಇಳಿದು ನಿಂತು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಯಿತು.

ಜೂನಿನಲ್ಲಿ ಬಿದ್ದ ಮಿರಗದ ಮೊದಲ ಮಳೆಗಳು ಸಣ್ಣವು. ದೋಣಿ ತುಟಿ ಪಿಟಕ್ಕೆನ್ನದೆ ನೀರು ಹಿಡಿದು ಡ್ರಮ್ಮಿಗೆ ಬಿಟ್ಟಿತು. ಅಕ್ಕ ಒಣಗಿದ ಶೆಡ್ಡಿನಲ್ಲಿ ಕೂತು ರೊಟ್ಟಿ ಬಡಿದಳು. ಆ ವಾರ ಅವಳು ಊಟದಲ್ಲಿ ಎರಡನೆಯ ಸಲ ಪಲ್ಯ ಹಾಕಿಸಿಕೊಂಡಳು. ನಾನು ಮದುವೆ ಮನೆಯ ಬೀಗರ ಹಾಗೆ ಹಿತ್ತಲಲ್ಲಿ ಓಡಾಡಿದೆ.

ಎರಡನೆಯ ವಾರ, ಒಂದು ಭಾನುವಾರ ಮಧ್ಯಾಹ್ನ, ಈ ಊರಿನ ನಿಜವಾದ ಮಳೆ ಬಂತು. ಡ್ರಮ್ಮು ತುಂಬಲು ಎಷ್ಟು ಹೊತ್ತು ಬೇಕು ಎಂಬ ಒಂದು ಲೆಕ್ಕವನ್ನು ನಾನು ಮಾಡಿರಲಿಲ್ಲ. ಚಹ ಕುಡಿದು ಮುಗಿಸುವುದರೊಳಗೆ ಅದು ತುಂಬಿ ಉಕ್ಕಿತು. ಉಕ್ಕಿದ ನೀರಿಗೆ ವಾಸ್ತು ತಿಳಿಯದು. ನಮ್ಮ ಹಿತ್ತಲಿನ ನೆಲ ಪೂರ್ವದಿಂದ ಪಶ್ಚಿಮಕ್ಕೆ, ಮೋರಿಯ ಕಡೆಗೆ ತಗ್ಗು. ಹಾಗಾಗಿ ಅದು ತನ್ನ ದಾರಿ ಹಿಡಿದು ಶೆಡ್ಡಿನ ಒಳಗಿನಿಂದಲೇ ಹಾಯ್ದು ಹೊರಟಿತು. ಮೊದಲು ಶೀಟಿನುದ್ದಕ್ಕೂ ಹರಡಿ ಬೀಳುತ್ತಿದ್ದ ನೀರನ್ನು ನಾನು ಒಂದೇ ಕಡೆ ಕೂಡಿಸಿ ಅಕ್ಕನ ಮೈಮೇಲೆ ಬಿಟ್ಟಿದ್ದೆ. ಒಲೆಯೊಳಗೆ ನೀರು ನುಗ್ಗಿ ಬೂದಿ ತೇಲಿತು. ನೆಲದ ಮೇಲಿದ್ದ ಮೂರು ಬುಟ್ಟಿ ರೊಟ್ಟಿಯ ತಳ ನೆನೆಯಿತು.

ನಾನು ಹೋದಾಗ ಅಕ್ಕ ಹಿಟ್ಟಿನ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಳು. ಡ್ರಮ್ಮು ಸಣ್ಣದಾಯಿತು, ಇನ್ನೊಂದು ದೊಡ್ಡದು ತಂದರೆ ಸರಿಹೋಗುತ್ತದೆ ಎಂದು ನಾನು ವಿವರಿಸತೊಡಗಿದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಬೈದಿದ್ದರೆ ಚೆನ್ನಾಗಿತ್ತು. ನೆನೆದ ರೊಟ್ಟಿಯನ್ನು ಒಂದು ಚೀಲಕ್ಕೆ ತುಂಬಿ, ಆಕಳು ಕಟ್ಟಿದವರ ಮನೆಗೆ ಕೊಟ್ಟು ಬಂದು, ಮುಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಳು. ಸಂಜೆ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ಇಂಡಿಗೆ ಬಸ್ಸು ಎಷ್ಟಕ್ಕೈತಿ ಅಂತ ನನ್ನ ಕೇಳಿದ್ರು ನೋಡ್ರಿ."

ನನಗೆ ಅಂಜಿಕೆಯಾಯಿತು. ನಾನು ಸುಲಭಕ್ಕೆ ಅಂಜುವ ಮನುಷ್ಯನಲ್ಲ. ಅವಳಿಲ್ಲದ ಮನೆಯನ್ನು ನಾನು ಅಲ್ಲಿಯವರೆಗೆ ಒಂದು ಸಲವೂ ಯೋಚಿಸಿರಲಿಲ್ಲ.

ಮರುದಿನ ಕಾರ್ಖಾನೆಗೆ ರಜೆ ಹೇಳಿ, ಬೆಳಿಗ್ಗೆಯೇ ಏಣಿ ಹಾಕಿದೆ. ಹತ್ತು ಕೊಕ್ಕೆಗಳ ಸ್ಕ್ರೂ ಸಡಿಲಿಸಿ, ಒಳಗೆ ಹೋಗಿ ಅಕ್ಕನನ್ನು ಕರೆದೆ. ಇಷ್ಟು ವರ್ಷದಲ್ಲಿ ತಗಡಿನ ವಿಷಯ ಮನೆಯವರನ್ನು ಕೇಳಿದ್ದು ಅದೇ ಮೊದಲು. ನೀರು ಯಾವ ಕಡೆ ಹೋಗಲು ನೋಡುತ್ತದೆ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಡಬ್ಬಿಯಿಂದ ಒಂದು ಚಿಟಿಕೆ ಜೋಳದ ಹಿಟ್ಟು ತಂದು, ಹಿತ್ತಲಲ್ಲಿ ನಿಂತಿದ್ದ ನೀರಿನ ಮೇಲೆ ಉದುರಿಸಿದಳು. ಹಿಟ್ಟು ಒಂದು ಗಳಿಗೆ ಸುಮ್ಮನಿದ್ದು, ನಿಧಾನವಾಗಿ ಮೋರಿಯ ಕಡೆ ಸರಿಯಿತು. ರೊಟ್ಟಿ ಬಡಿಯುತ್ತ ಎಂಟು ವರ್ಷ ಇದನ್ನೇ ನೋಡುತ್ತ ಕೂತಿದ್ದೇನೆ, ಅವತ್ತು ಇದನ್ನೇ ಹೇಳಲು ಬಂದಿದ್ದೆ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ನಾಚಿಕೆಯಾಯಿತು. ಹಾಗಾಗಿ ಈಶಾನ್ಯದ ಸಂಗತಿಯನ್ನು ಮುಚ್ಚಿಡದೆ ಹೇಳಿಬಿಟ್ಟೆ, ಹೆಣ್ಣುಮಕ್ಕಳಿಗೆ ಕೇಡು ಎಂದು ಅಂಜಿದ್ದನ್ನೂ ಹೇಳಿದೆ.

"ಇಂಡ್ಯಾಗ ನಮ್ಮನಿ ನೀರು ಈಶಾನ್ಯಕ್ಕ ಹೋಗ್ತಿತ್ತು," ಎಂದಳು ಅಕ್ಕ. "ಏನಾತು?"

ದೋಣಿಯ ಇಳಿಜಾರು ತಿರುಗಿಸಿ, ಪಶ್ಚಿಮದ ತುದಿಯನ್ನು ಪೂರ್ವದ್ದಕ್ಕಿಂತ ಒಂದು ಇಂಚು ತಗ್ಗಿಸಿ, ಪೈಪನ್ನು ನೇರ ಮೋರಿಗೆ ಬಿಟ್ಟೆ. ಮಧ್ಯಾಹ್ನದ ಹೊತ್ತಿಗೆ ಜಿನುಗು ಹಿಡಿಯಿತು. ಅಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು ಏಣಿ ಹಿಡಿದು ನಿಂತಳು. ಒಳಗೆ ಹೋಗೆಂದು ನಾನು ಹೇಳಲಿಲ್ಲ. ಹೊಸ ದಿಕ್ಕಿನಲ್ಲಿ ನೀರು ಓಡಿ ಮೋರಿಗೆ ಬೀಳುವ ಸದ್ದು ಕೇಳಿಸಿತು. ಶೆಡ್ಡಿನ ನೆಲ ಒಣಗಿಯೇ ಇತ್ತು.

"ಇಷ್ಟೆಲ್ಲಾ ಯಾಕ ಬಡದಾಡ್ತಿ?" ಎಂದು ಕೆಳಗಿನಿಂದ ಕೇಳಿದಳು. "ಆ ಹುಡುಗ್ಯಾರಿಗೆ ರೊಟ್ಟಿ ಅಂಗಡ್ಯಾಗೂ ಸಿಗ್ತಾವ. ನಾ ಹೋದ್ರ ಯಾರ ಕೆಲಸಾ ನಿಂದರತೈತಿ?"

ನಾನು ಶೀಟಿನ ಕಡೆ ಮುಖ ಮಾಡಿ ಕೊನೆಯ ಕೊಕ್ಕೆ ಬಿಗಿಯುತ್ತಿದ್ದೆ. ಅವಳ ಮುಖ ಕಾಣುತ್ತಿದ್ದರೆ ಬಹುಶಃ ಈ ಮಾತು ಬರುತ್ತಿರಲಿಲ್ಲ.

"ರೊಟ್ಟಿ ಸಲುವಾಗಿ ಅಲ್ಲ ಅಕ್ಕಾ. ನೀ ಒಲಿ ಹಚ್ಚು, ಇಲ್ಲಾ ಬಿಡು. ನೀ ಮಾತ್ರ ಹೋಗಬ್ಯಾಡ."

ಏಣಿ ಸಣ್ಣಗೆ ನಡುಗಿತು. ಅವಳು ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಇಷ್ಟು ಅನ್ನಾಕ," ಎಂದಳು, "ನಿನಗ ಹದಿನಾಲ್ಕು ಫೂಟ ತಗಡು ಬೇಕಾತೇನಪಾ?"